ವ್ಯಾಟ್‌ಗಿಂತ ಮುಂಚೆ ತಿಳಿಯಬೇಕಾದ್ದು: ಆಂಪ್ಲಿಫೈಯರ್, ಸ್ಪೀಕರ್ ಜೋಡಿಸುವವರಿಗೆ ಕೈಪಿಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ ಆಂಪ್ಲಿಫೈಯರ್ ಬೋರ್ಡ್ ಕೇಳಿದರೆ ಮೊದಲು ಕಿವಿಗೆ ಬೀಳುವ ಮಾತು ವ್ಯಾಟ್. ಇದು ನೂರು ವ್ಯಾಟಿನದು, ಅದು ಮುನ್ನೂರರದು ಎನ್ನುತ್ತಾರೆ. ಹೋಮ್ ಥಿಯೇಟರ್ ಡಬ್ಬಗಳ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಹೊಸದಾಗಿ ಈ ಹವ್ಯಾಸಕ್ಕೆ ಇಳಿದವರು ಆ ಸಂಖ್ಯೆಯನ್ನೇ ನಂಬಿ ದುಡ್ಡು ಹಾಕುತ್ತಾರೆ. ಮನೆಗೆ ತಂದು ಜೋಡಿಸಿದರೆ ವಾಲ್ಯೂಮ್ ಅರ್ಧ ದಾಟುತ್ತಲೇ ಹಾಡು ಒಡೆಯುತ್ತದೆ, ಐಸಿ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ.

ಒಳ್ಳೆಯ ಸದ್ದಿಗೆ ವ್ಯಾಟ್ ಬೇಕು, ಆದರೆ ಅದರ ಸ್ಥಾನ ಕೊನೆಯದು. ಮೊದಲನೆಯದು ಸ್ಪೀಕರ್, ಆಮೇಲೆ ಅದು ಕೂರುವ ಪೆಟ್ಟಿಗೆ, ಆಮೇಲೆ ಕೇಳುವ ಕೋಣೆ, ಆಮೇಲೆ ಪವರ್ ಸಪ್ಲೈ. ಈ ಕ್ರಮ ಗೊತ್ತಿದ್ದು, ಕೈಯಲ್ಲಿ ಒಂದು ಮಲ್ಟಿಮೀಟರ್ ಇದ್ದು, ನಾಲ್ಕು ಸಣ್ಣ ಲೆಕ್ಕ ಬಂದರೆ ಯಾವ ಡಬ್ಬದ ಮೇಲಿನ ಮಾತನ್ನೂ ನೀವೇ ಪರೀಕ್ಷಿಸಿಕೊಳ್ಳಬಹುದು.

ಡಬ್ಬದ ಮೇಲಿನ ವ್ಯಾಟ್ ನಿಜವೇ?

ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇಲ್ಲ. ಹಾಗಾಗಿ ಆ ಸಂಖ್ಯೆಯನ್ನು ಪೂರ್ತಿ ಬದಿಗಿಡಿ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸದ್ದು ಕೆಡದಂತೆ ಆಂಪ್ಲಿಫೈಯರ್ ನಿರಂತರವಾಗಿ ಕೊಡಬಲ್ಲ ಶಕ್ತಿ. ಅದನ್ನು ಅಂದಾಜಿಸಲು ಸಪ್ಲೈ ವೋಲ್ಟೇಜ್ ಮತ್ತು ಸ್ಪೀಕರಿನ ಓಮ್ ಗೊತ್ತಿದ್ದರೆ ಸಾಕು.

ಸಿಂಗಲ್ ಸಪ್ಲೈಯಲ್ಲಿ ನಡೆಯುವ ಸಾಮಾನ್ಯ ಬೋರ್ಡ್ ಆದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಓಮ್‌ನ ಎಂಟು ಪಟ್ಟಿನಿಂದ ಭಾಗಿಸಿ. 12 ವೋಲ್ಟ್, 4 ಓಮ್ ಇದ್ದರೆ 144ನ್ನು 32ರಿಂದ ಭಾಗಿಸಬೇಕು. ಉತ್ತರ 4.5 ವ್ಯಾಟ್. ಸ್ಪೀಕರಿನ ಎರಡೂ ತಂತಿಗಳನ್ನು ಎದುರುಬದುರಾಗಿ ಎಳೆಯುವ ಬ್ರಿಡ್ಜ್ ಬೋರ್ಡ್ ಆದರೆ ಓಮ್‌ನ ಎರಡು ಪಟ್ಟಿನಿಂದ ಭಾಗಿಸಬೇಕು. ಆಗ ಅದೇ 12 ವೋಲ್ಟಿಗೆ 18 ವ್ಯಾಟ್ ಬರುತ್ತದೆ. ಇವು ಮೇಲಿನ ಮಿತಿಗಳು. ಐಸಿಯೊಳಗೆ ಒಂದಿಷ್ಟು ವೋಲ್ಟ್ ಸೋರಿಹೋಗುವುದರಿಂದ ಶುದ್ಧವಾಗಿ ಸಿಗುವುದು ಇದಕ್ಕಿಂತ ಕಡಿಮೆಯೇ.

ಈ ಸೂತ್ರವನ್ನು ನಿಜವಾದ ಐಸಿಗಳ ಮೇಲೆ ಹಾಕಿ ನೋಡಿ. ಯುಎಸ್‌ಬಿಯ 5 ವೋಲ್ಟಿನಲ್ಲಿ ನಡೆಯುವ ಪಿಎಎಂ 8403 ಬ್ರಿಡ್ಜ್ ಮಾದರಿಯದು. 4 ಓಮ್ ಸ್ಪೀಕರಿಗೆ 25ನ್ನು 8ರಿಂದ ಭಾಗಿಸಿದರೆ 3 ವ್ಯಾಟ್ ಚಿಲ್ಲರೆ. ಅದರ ಡೇಟಾಶೀಟಿನಲ್ಲಿರುವುದೂ ಚಾನೆಲ್‌ಗೆ 3 ವ್ಯಾಟ್. ನಮ್ಮ ಅಂಗಡಿಗಳಲ್ಲಿ ‘4440 ಬೋರ್ಡ್’ ಎಂದೇ ಹೆಸರಾದ ಸಾನ್ಯೋದ ಎಲ್‌ಎ 4440 ಐಸಿ, 13.2 ವೋಲ್ಟಿನಲ್ಲಿ ಸ್ಟೀರಿಯೊ ಆಗಿ 6 ವ್ಯಾಟಿನ ಎರಡು ಚಾನೆಲ್, ಬ್ರಿಡ್ಜ್ ಆಗಿ 19 ವ್ಯಾಟ್ ಕೊಡುತ್ತದೆ. ಡೇಟಾಶೀಟುಗಳು ಸದ್ದು ಸ್ವಲ್ಪ ಒಡೆದ ಮಟ್ಟದಲ್ಲಿ ಅಳೆಯುವುದರಿಂದ ಇಂಥ ಅಂಕಿಗಳು ನಮ್ಮ ಮಿತಿಯನ್ನು ಕೊಂಚ ದಾಟಬಹುದು. 12 ವೋಲ್ಟಿನ ಅಡಾಪ್ಟರಿಗೆ ಸಿಕ್ಕಿಸುವ, ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದ ಬೋರ್ಡಿನ ಮೇಲೆ 300 ವ್ಯಾಟ್ ಎಂದು ಬರೆದಿದ್ದರೆ ಅದನ್ನು ನಂಬಬೇಕಿಲ್ಲ.

ಇನ್ನೊಂದು ತಾಳೆಯೂ ಇದೆ. ಒಳಗೆ ಹೋದದ್ದಕ್ಕಿಂತ ಹೆಚ್ಚು ಶಕ್ತಿ ಹೊರಗೆ ಬರುವಂತಿಲ್ಲ. 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ನಿರಂತರವಾಗಿ ಕೊಡುವುದು 24 ವ್ಯಾಟ್. ಅದರ ಮುಂದೆ ಎಂಥ ಬೋರ್ಡ್ ಇಟ್ಟರೂ ಎರಡೂ ಚಾನೆಲ್ ಸೇರಿ ಆ ಗೆರೆ ದಾಟುವುದಿಲ್ಲ.

ಒಂದು ವ್ಯಾಟ್ ಎಷ್ಟು ಜೋರು?

4.5 ವ್ಯಾಟ್ ಎಂದರೆ ಏನೂ ಇಲ್ಲವೆನಿಸಬಹುದು. ಹಾಗೆನಿಸಿದರೆ ಸ್ಪೀಕರಿನ ಹಿಂಬದಿಯ ಚೀಟಿ ಅಥವಾ ಡೇಟಾಶೀಟಿನಲ್ಲಿ ‘ಸೆನ್ಸಿಟಿವಿಟಿ’ ಎಂಬ ಸಾಲು ಹುಡುಕಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದನ್ನು ಅದು ಹೇಳುತ್ತದೆ. ಮನೆಬಳಕೆಯ ಸ್ಪೀಕರುಗಳಲ್ಲಿ ಇದು ಸಾಮಾನ್ಯವಾಗಿ 84ರಿಂದ 92ರ ನಡುವೆ ಇರುತ್ತದೆ. ಒಂದು ಮೀಟರ್ ದೂರದಿಂದ ಕೇಳುವ ಮಾಮೂಲಿ ಮಾತುಕತೆ ಸುಮಾರು 60 ಡೆಸಿಬೆಲ್. ಅಂದರೆ ಒಂದೇ ವ್ಯಾಟಿನಲ್ಲಿ ಕೋಣೆ ತುಂಬುವಷ್ಟು ಸದ್ದು ಆಗಲೇ ಬಂದಿರುತ್ತದೆ.

ಡೆಸಿಬೆಲ್ ಲೆಕ್ಕದಲ್ಲಿ ಮೂರು ಸಂಗತಿ ನೆನಪಿಡಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾಯಿತು ಅನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ಇಳಿತ ಸ್ವಲ್ಪ ಕಡಿಮೆ.

ಇದರಿಂದ ಹೊರಡುವ ಪಾಠ ದುಡ್ಡಿಗೆ ಸಂಬಂಧಿಸಿದ್ದು. 84 ಡೆಸಿಬೆಲ್ ಸ್ಪೀಕರ್ ತೆಗೆದು 90 ಡೆಸಿಬೆಲಿನದನ್ನು ಹಾಕಿದರೆ 10 ವ್ಯಾಟಿನ ಆಂಪ್ಲಿಫೈಯರನ್ನು 40 ವ್ಯಾಟಿಗೆ ಏರಿಸಿದಷ್ಟೇ ಫಲ. ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಹೀಟ್‌ಸಿಂಕ್ ಕೊಳ್ಳುವ ಬದಲು ಅದೇ ಹಣವನ್ನು ಸ್ಪೀಕರಿಗೆ ಹಾಕುವುದು ಲೇಸು. ಜಾತ್ರೆಯ ಮೈಕ್ ಸೆಟ್‌ನ ಹಾರ್ನ್ ಸ್ಪೀಕರುಗಳ ಸೆನ್ಸಿಟಿವಿಟಿ 100 ಡೆಸಿಬೆಲ್ ದಾಟಿರುತ್ತದೆ. ಊರಾಚೆಗೂ ಕೇಳುವುದು ಈ ಗುಣದಿಂದ.

ಹಾಗಿದ್ದರೆ 20, 30 ವ್ಯಾಟ್ ಯಾಕೆ? ಸಂಗೀತ ಒಂದೇ ಮಟ್ಟದಲ್ಲಿ ಇರುವುದಿಲ್ಲವಲ್ಲ. ವೀಣೆಯ ನಾದ ಸರಾಸರಿ ಒಂದು ವ್ಯಾಟಿನಲ್ಲಿ ಸಾಗುತ್ತಿರುವಾಗ ಮೃದಂಗದ ಒಂದು ಬಲವಾದ ಪೆಟ್ಟು ಕ್ಷಣಮಾತ್ರಕ್ಕೆ ಹತ್ತು ಪಟ್ಟು, ಇನ್ನೂ ಹೆಚ್ಚು ಶಕ್ತಿ ಕೇಳುತ್ತದೆ. ಯಕ್ಷಗಾನದ ಚೆಂಡೆಯಂತೂ ಅದಕ್ಕೂ ಮೇಲೆ. ಆ ಹೊತ್ತಿಗೆ ಸಪ್ಲೈ ವೋಲ್ಟೇಜ್ ಸಾಲದಿದ್ದರೆ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪಿಂಗ್, ಸದ್ದು ಒಡೆಯುವುದಕ್ಕೆ ಕಾರಣ. ಕತ್ತರಿಸಿದ ಅಲೆಯಲ್ಲಿ ಹೊಸದಾಗಿ ಹುಟ್ಟುವ ಎತ್ತರದ ಕಂಪನಗಳು, ಎತ್ತರದ ಸ್ವರ ನುಡಿಸುವ ಪುಟ್ಟ ಸ್ಪೀಕರಾದ ಟ್ವೀಟರಿನ ಕೂದಲೆಳೆಯಂಥ ಕಾಯಿಲಿಗೆ ಹೋಗಿ ಅದನ್ನು ಸುಡುತ್ತವೆ. ಮಿತಿ ಮೀರಿ ತಿರುಗಿಸಿದ ಚಿಕ್ಕ ಆಂಪ್ಲಿಫೈಯರೂ ಟ್ವೀಟರನ್ನು ಕೊಲ್ಲುತ್ತದೆ ಎಂಬುದನ್ನು ಮರೆಯಬೇಡಿ.

ಸ್ಪೀಕರಿನ ಒಳಗೆ

ಇವತ್ತು ನಾವು ಬಳಸುವ ಬಹುತೇಕ ಸ್ಪೀಕರುಗಳ ಮೂಲ ವಿನ್ಯಾಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ಪ್ರಕಟಿಸಿದರು. ಮ್ಯಾಗ್ನೆಟ್ಟಿನ ಕಿರಿದಾದ ಸಂದಿಯಲ್ಲಿ ತಾಮ್ರದ ಕಾಯಿಲ್ ತೂಗಾಡುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಹಾಡಿಗೆ ತಕ್ಕಂತೆ ಬದಲಾದಾಗ ಕಾಯಿಲ್ ಹಿಂದೆ ಮುಂದೆ ಸರಿಯುತ್ತದೆ. ಅದಕ್ಕೆ ಅಂಟಿದ ಕೋನ್ ಗಾಳಿಯನ್ನು ತಳ್ಳುತ್ತದೆ. ಕಾಯಿಲ್ ಸಂದಿಯ ಮಧ್ಯದಲ್ಲೇ ಇರುವಂತೆ ಹಿಡಿಯುವುದು ಸ್ಪೈಡರ್, ಅಂಚಿನಲ್ಲಿ ಹಿಡಿಯುವುದು ಸರೌಂಡ್. ಕೊಟ್ಟ ಶಕ್ತಿಯಲ್ಲಿ ಸದ್ದಾಗುವುದು ಸುಮಾರು ನೂರರಲ್ಲಿ ಒಂದು ಪಾಲು, ಉಳಿದದ್ದು ಶಾಖ.

ಹಳೆಯ ಸ್ಪೀಕರ್ ಕೊಳ್ಳುವಾಗ ಕೋನನ್ನು ಎರಡೂ ಕೈ ಬೆರಳುಗಳಿಂದ ಸಮನಾಗಿ ಮೆಲ್ಲಗೆ ಒತ್ತಿ ನೋಡಿ. ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ ಎಂದರ್ಥ. ಫೋಮ್ ಸರೌಂಡ್ ವರ್ಷಗಳು ಕಳೆದಂತೆ ಪುಡಿಪುಡಿಯಾಗುತ್ತದೆ, ಸೆಕೆ ಮತ್ತು ತೇವದ ಕರಾವಳಿಯಲ್ಲಿ ಇನ್ನೂ ಬೇಗ. ರಬ್ಬರಿನದು ಹೆಚ್ಚು ಬಾಳುತ್ತದೆ. ಮ್ಯಾಗ್ನೆಟ್, ಫ್ರೇಮ್ ಗಟ್ಟಿಯಿದ್ದರೆ ರೀಕೋನಿಂಗ್ ಮಾಡಿಸಿ, ಅಂದರೆ ಹೊಸ ಕೋನ್ ಹಾಕಿಸಿ, ಮತ್ತೆ ಬಳಸಬಹುದು.

ಓಮ್ ಹೊಂದಿಸುವುದು

8 ಓಮ್ ಎಂದು ಬರೆದ ಸ್ಪೀಕರನ್ನು ಮಲ್ಟಿಮೀಟರಿನಲ್ಲಿ ಅಳೆದರೆ 6ರಿಂದ 7 ಓಮ್ ತೋರಿಸುತ್ತದೆ. ಇದು ದೋಷವಲ್ಲ. ಮೀಟರ್ ತೋರಿಸುವುದು ತಂತಿಯ ರೋಧ ಮಾತ್ರ. ಚೀಟಿಯ ಮೇಲಿರುವುದು ಹಾಡು ನಡೆಯುವಾಗಿನ ಇಂಪಿಡೆನ್ಸಿನ ಅಂದಾಜು. ಆ ಇಂಪಿಡೆನ್ಸ್ ಸ್ವರದ ಎತ್ತರಕ್ಕೆ ತಕ್ಕಂತೆ ಏರಿಳಿಯುತ್ತಲೇ ಇರುತ್ತದೆ.

ಎರಡು 8 ಓಮ್ ಸ್ಪೀಕರುಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ 4 ಓಮ್, ಸೀರೀಸ್ ಆಗಿ ಜೋಡಿಸಿದರೆ 16 ಓಮ್. ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಕನಿಷ್ಠ 4 ಓಮ್ ಎಂದು ಹೇಳಿರುವ ಬೋರ್ಡಿಗೆ ಎರಡು 4 ಓಮ್ ಸ್ಪೀಕರುಗಳನ್ನು ಪ್ಯಾರಲಲ್ ಹಾಕಿದರೆ 2 ಓಮ್ ಆಗಿ ಐಸಿ ಕಾಯುತ್ತದೆ, ಕೊನೆಗೆ ಸಾಯುತ್ತದೆ. ಬೋರ್ಡಿಗೆ ಹೇಳಿದ್ದಕ್ಕಿಂತ ಸ್ಪೀಕರಿನ ಓಮ್ ಹೆಚ್ಚಿದ್ದರೆ ಸದ್ದು ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೆ, ಅಪಾಯವಿಲ್ಲ.

ಶಾಲೆ, ದೇವಸ್ಥಾನಗಳ ಮೈಕ್ ಸೆಟ್‌ಗಳಲ್ಲಿ 100 ವೋಲ್ಟ್ ಲೈನ್ ಎಂಬ ಬೇರೆಯೇ ಪದ್ಧತಿ ಇದೆ. ಉದ್ದನೆಯ ತಂತಿಯಲ್ಲಿ ಶಕ್ತಿ ಸೋರದಿರಲೆಂದು ವೋಲ್ಟೇಜ್ ಏರಿಸಿ ಕಳಿಸಿ, ಪ್ರತಿ ಸ್ಪೀಕರಿನ ಬಳಿ ಲೈನ್ ಟ್ರಾನ್ಸ್‌ಫಾರ್ಮರಿನಿಂದ ಇಳಿಸುತ್ತಾರೆ. ಆ ಲೈನಿಗೆ ಮನೆಯ ಸ್ಪೀಕರನ್ನು ನೇರವಾಗಿ ಎಂದೂ ಜೋಡಿಸಬೇಡಿ.

ತಂತಿಯ ವಿಷಯದಲ್ಲಿ ದುಬಾರಿ ಹೆಸರುಗಳ ಹಿಂದೆ ಹೋಗಬೇಕಿಲ್ಲ. 10 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರ್ ತಂತಿ ಹಾಕಿದರೆ ಹೋಗಿಬರುವ ರೋಧ ಸುಮಾರು 0.7 ಓಮ್, 4 ಓಮ್ ಸ್ಪೀಕರಿಗೆ ಇದು ದೊಡ್ಡ ನಷ್ಟ. 1.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ತಂತಿ ಹಾಕಿದರೆ 0.23 ಓಮ್‌ಗೆ ಇಳಿಯುತ್ತದೆ. ಮನೆಗೆ ಅದು ಸಾಕು.

ಪೆಟ್ಟಿಗೆಯೇ ಅರ್ಧ ಸ್ಪೀಕರ್

ಕೋನ್ ಮುಂದಕ್ಕೆ ಗಾಳಿ ಒತ್ತಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ಸ್ಪೀಕರ್ ಬಯಲಲ್ಲಿದ್ದರೆ ಮುಂದಿನ ಗಾಳಿ ಅಂಚಿನಿಂದ ಸುತ್ತಿಕೊಂಡು ಹಿಂದಕ್ಕೆ ಹೋಗಿ ಎರಡೂ ಒಂದನ್ನೊಂದು ಅಳಿಸುತ್ತವೆ. ಉದ್ದನೆಯ ಅಲೆಗಳಿಗೆ, ಅಂದರೆ ಬೇಸ್‌ಗೆ, ಇದರ ಹೊಡೆತ ಹೆಚ್ಚು. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಪರೀಕ್ಷಿಸಬೇಕೆಂದರೆ ದಪ್ಪ ರಟ್ಟಿನಲ್ಲಿ ಸ್ಪೀಕರ್ ಅಳತೆಯ ತೂತು ಕೊರೆದು, ಹಾಡು ನಡೆಯುತ್ತಿರುವಾಗ ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ವಾಲ್ಯೂಮ್ ಮುಟ್ಟದೆಯೇ ಬೇಸ್ ಎದ್ದು ಬರುತ್ತದೆ.

ಪೆಟ್ಟಿಗೆಯಲ್ಲಿ ಮುಖ್ಯವಾಗಿ ಎರಡು ಬಗೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು, ಚಿಕ್ಕ ಪೆಟ್ಟಿಗೆಯಿಂದಲೂ ಆಳದ ಬೇಸ್ ತೆಗೆಯಬಹುದೆಂದು 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-1 ಸ್ಪೀಕರ್ ತೋರಿಸಿತು. ಎರಡನೆಯದು ಕೊಳವೆ ಇರುವ ಬೇಸ್ ರಿಫ್ಲೆಕ್ಸ್ ಪೆಟ್ಟಿಗೆ. ಹಿಂದಿನ ಅಲೆಯನ್ನು ಕೊಳವೆಯ ಮೂಲಕ ಸರಿಯಾದ ಹೊತ್ತಿಗೆ ಹೊರಬಿಟ್ಟು ಬೇಸನ್ನು ಹೆಚ್ಚಿಸುವುದು ಅದರ ಉಪಾಯ. ಎಲ್ಲ ಸ್ಪೀಕರಿಗೂ ಎಲ್ಲ ಪೆಟ್ಟಿಗೆ ಹೊಂದುವುದಿಲ್ಲ. ಯಾವುದಕ್ಕೆ ಎಷ್ಟು ಲೀಟರ್ ಬೇಕೆಂದು ಲೆಕ್ಕ ಹಾಕುವ ಮಾರ್ಗವನ್ನು ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ತೆರೆದರು, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ವಿಸ್ತರಿಸಿದರು. ಥೀಲ್-ಸ್ಮಾಲ್ ಅಂಕಿಗಳನ್ನು ಕೊಟ್ಟಿರುವ ಸ್ಪೀಕರನ್ನೇ ಕೊಳ್ಳಿ. ಅವನ್ನು ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರಿಗೆ ತುಂಬಿದರೆ ಪೆಟ್ಟಿಗೆಯ ಅಳತೆ ಸಿಗುತ್ತದೆ. ಅಂಕಿಗಳೇ ಇಲ್ಲದ ಸ್ಪೀಕರಿಗೆ ಮುಚ್ಚಿದ ಪೆಟ್ಟಿಗೆ ಸುರಕ್ಷಿತ ಆಯ್ಕೆ, ಯಾಕೆಂದರೆ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಸದ್ದನ್ನು ಅಷ್ಟು ಕೆಡಿಸುವುದಿಲ್ಲ.

ಒಳಗಿನ ಅಳತೆ 25, 25, 32 ಸೆಂಟಿಮೀಟರ್ ಇದ್ದರೆ 20 ಲೀಟರ್. 18 ಮಿಲಿಮೀಟರ್ ಪ್ಲೈವುಡ್ ಅಥವಾ ಎಂಡಿಎಫ್ ಬಳಸಿ. ಮಲೆನಾಡಿನ ಮಳೆಗಾಲಕ್ಕೆ ಪ್ಲೈವುಡ್ಡೇ ಮೇಲು, ನೀರು ತಾಗಿದ ಎಂಡಿಎಫ್ ಊದಿಕೊಳ್ಳುತ್ತದೆ. ಮೂಲೆಗಳಿಗೆ ಒಳಗಿನಿಂದ ಅಂಟು ತುಂಬಿ, ಸ್ಪೀಕರಿನ ಸುತ್ತ ಫೋಮ್ ಟೇಪ್ ಹಾಕಿ, ಎಲ್ಲೂ ಗಾಳಿ ಸೋರದಂತೆ ನೋಡಿಕೊಳ್ಳಿ.

ಟ್ವೀಟರಿಗೆ ಕಾವಲು

ಬೇಸ್ ಅಲೆ ಟ್ವೀಟರಿಗೆ ಹೋಗಬಾರದು. ಅದಕ್ಕೆ ಅತಿ ಸರಳ ಕಾವಲು ಒಂದು ನಾನ್-ಪೋಲಾರ್ ಕೆಪಾಸಿಟರ್. 8 ಓಮ್ ಟ್ವೀಟರಿನೊಂದಿಗೆ ಸೀರೀಸ್ ಆಗಿ 4.7 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4200 ಹರ್ಟ್ಸ್‌ಗಿಂತ ಕೆಳಗಿನದು ಇಳಿಯುತ್ತಾ ಹೋಗುತ್ತದೆ. 3.3 ಹಾಕಿದರೆ ಆ ಗೆರೆ 6000ಕ್ಕೆ ಏರುತ್ತದೆ. ಪ್ಲಸ್, ಮೈನಸ್ ಗುರುತಿನ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಇಲ್ಲಿಗೆ ಸಲ್ಲದು. ಬೇಸ್ ನುಡಿಸುವ ದೊಡ್ಡ ಸ್ಪೀಕರಾದ ವೂಫರಿಗೆ ಎತ್ತರದ ಸ್ವರಗಳು ಹೋಗದಂತೆ ತಡೆಯಲು ಕಾಯಿಲ್ ಹಾಕುತ್ತಾರೆ. ಎರಡೂ ಸೇರಿದರೆ ಕ್ರಾಸ್‌ಓವರ್.

ಪ್ಲಸ್ ತುದಿ ಯಾವುದೆಂದು ತಿಳಿಯದ ವೂಫರಿಗೆ 1.5 ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್. ಎರಡು ಸ್ಪೀಕರುಗಳಲ್ಲಿ ಒಂದರ ತುದಿ ಅದಲುಬದಲಾದರೆ ಬೇಸ್ ಕಾಣೆಯಾಗುತ್ತದೆ.

ಯಾವ ಆಂಪ್ಲಿಫೈಯರ್?

ಈಗ ಆಂಪ್ಲಿಫೈಯರಿನ ಸರದಿ. ಕ್ಲಾಸ್ ಎ ಮಾದರಿ ಸದಾ ಪೂರ್ತಿ ಕರೆಂಟ್ ಎಳೆದು ಕಾಯುತ್ತಿರುತ್ತದೆ, ಮೊದಲ ಪ್ರಯತ್ನಕ್ಕೆ ಬೇಡ. ಕ್ಲಾಸ್ ಎಬಿಯ ಟಿಡಿಎ 2030, ಎಲ್‌ಎಂ 1875ನಂಥ ಐಸಿಗಳು ಕಲಿಯಲು ಉತ್ತಮ, ಹೀಟ್‌ಸಿಂಕ್ ಮಾತ್ರ ಬೇಕೇ ಬೇಕು. ಕ್ಲಾಸ್ ಡಿ ಮಾದರಿ ಟ್ರಾನ್ಸಿಸ್ಟರುಗಳನ್ನು ಅತಿವೇಗದಲ್ಲಿ ಆನ್-ಆಫ್ ಮಾಡುವುದರಿಂದ ನೂರಕ್ಕೆ 90ರ ಹತ್ತಿರ ದಕ್ಷತೆ ಕೊಡುತ್ತದೆ. ಬ್ರಿಡ್ಜ್ ಮಾದರಿಯ ಟಿಪಿಎ 3116 ಬೋರ್ಡಿಗೆ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಹೊಂದುತ್ತದೆ. 8 ಓಮ್‌ಗೆ ಹೆಚ್ಚೆಂದರೆ 22 ವ್ಯಾಟ್ ಎಂದು ನಮ್ಮ ಸೂತ್ರವೇ ಹೇಳುತ್ತದೆ.

ಟ್ರಾನ್ಸ್‌ಫಾರ್ಮರ್ ಬಳಸುವವರು ಒಂದು ಲೆಕ್ಕ ಮರೆಯಬಾರದು. 12-0-12 ಎಂದರೆ ಡಿಸಿಯಲ್ಲಿ 12 ಅಲ್ಲ. 1.414ರಿಂದ ಗುಣಿಸಿ, ಡಯೋಡಿನ ಪಾಲು ಕಳೆದರೆ ಪ್ಲಸ್, ಮೈನಸ್ 16 ವೋಲ್ಟ್. ಲೋಡ್ ಇಲ್ಲದಾಗ, ಊರಿನ ಲೈನ್ ವೋಲ್ಟೇಜ್ 230 ದಾಟಿದಾಗ ಅದು 18ನ್ನೂ ಮೀರಬಹುದು. ಟಿಡಿಎ 2030 ಐಸಿಯ ಗರಿಷ್ಠ ಮಿತಿ ಪ್ಲಸ್, ಮೈನಸ್ 18 ವೋಲ್ಟ್. ಕಾರಣ ತಿಳಿಯದೆ ಐಸಿ ಸುಡುವುದುಂಟಾದರೆ ಇಲ್ಲಿ ಮೊದಲು ನೋಡಿ. ಎಲ್‌ಎಂ 1875ಕ್ಕೆ ಪ್ಲಸ್, ಮೈನಸ್ 30ರವರೆಗೆ ತಡೆಯುವ ಶಕ್ತಿಯಿದೆ, ಆದ್ದರಿಂದ ನಿಶ್ಚಿಂತೆ. ಈ ಎರಡೂ ಐಸಿಗಳ ಬೆನ್ನಿನ ಲೋಹ ಒಳಗಿನಿಂದ ಮೈನಸ್ ಸಪ್ಲೈಗೆ ಸೇರಿರುತ್ತದೆ. ಹೀಟ್‌ಸಿಂಕಿಗೆ ಕೂರಿಸುವಾಗ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಇರಲಿ.

ಬ್ರಿಡ್ಜ್ ಬೋರ್ಡಿನಲ್ಲಿ ಸ್ಪೀಕರಿನ ಮೈನಸ್ ತುದಿ ಗ್ರೌಂಡ್ ಅಲ್ಲ. ಎಡ, ಬಲದ ಮೈನಸ್ ತಂತಿಗಳನ್ನು ಒಂದು ಮಾಡಿದರೆ ಅಥವಾ ಗ್ರೌಂಡಿಗೆ ತಾಗಿಸಿದರೆ ಐಸಿ ಹೋಗುತ್ತದೆ.

ಗುಂಯ್ ಎನ್ನುವ ಹಮ್ಮಿಂಗ್

ಹಮ್ಮಿಂಗ್ ಎಲ್ಲಿಂದ ಬರುತ್ತಿದೆಯೆಂದು ತಿಳಿಯಲು ಇನ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡಿ. ಸದ್ದು ನಿಂತರೆ ದೋಷ ಮೂಲದ ಕಡೆ ಅಥವಾ ಇನ್‌ಪುಟ್ ತಂತಿಯಲ್ಲಿದೆ. ಶೀಲ್ಡೆಡ್ ತಂತಿ ಹಾಕಿ. ನಿಲ್ಲದಿದ್ದರೆ ಪವರ್ ಸಪ್ಲೈ ನೋಡಿ. ಒಂದು ಆಂಪಿಯರ್ ಎಳೆಯುವಾಗ 4700 ಮೈಕ್ರೋಫ್ಯಾರಡ್ ಫಿಲ್ಟರ್ ಕೆಪಾಸಿಟರಿನ ಮೇಲೆ ಸುಮಾರು 2 ವೋಲ್ಟ್ ಏರಿಳಿತ ಉಳಿಯುತ್ತದೆ. 1000ದ್ದನ್ನು ಹಾಕಿದ್ದರೆ ಹಮ್ಮಿಂಗ್ ಸಹಜವೇ. ಸಪ್ಲೈ, ಇನ್‌ಪುಟ್, ಸ್ಪೀಕರ್ ಮೂರರ ಗ್ರೌಂಡ್ ತಂತಿಗಳನ್ನೂ ಒಂದೇ ಬಿಂದುವಿಗೆ ತನ್ನಿ. ಟ್ರಾನ್ಸ್‌ಫಾರ್ಮರನ್ನು ವಾಲ್ಯೂಮ್ ಕಂಟ್ರೋಲಿನಿಂದ ದೂರ ಇಡಿ.

ಮೊದಲ ಸಲ ಸ್ವಿಚ್ ಹಾಕುವಾಗ

ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಬದಿ ಪ್ರಾಣ ತೆಗೆಯಬಲ್ಲದು. ಆ ಬದಿಯಲ್ಲಿ ಫ್ಯೂಸ್, ಲೋಹದ ಪೆಟ್ಟಿಗೆಗೆ ಅರ್ಥಿಂಗ್, ಬರಿ ತಂತಿಗಳಿಗೆ ಸ್ಲೀವ್ ಕಡ್ಡಾಯ. ಹೊಸ ಜೋಡಣೆಯನ್ನು ರಿಪೇರಿಯವರು ಬಳಸುವ ಸೀರೀಸ್ ಬಲ್ಬ್ ಮೂಲಕವೇ ಮೊದಲು ಚಾಲೂ ಮಾಡಿ. 60 ವ್ಯಾಟಿನ ಹಳೆಯ ತಂತಿ ಬಲ್ಬ್ ಬೇಕು, ಎಲ್‌ಇಡಿ ಆಗದು. ಬಲ್ಬ್ ಒಮ್ಮೆ ಮಿನುಗಿ ಮಂದವಾದರೆ ಸರಿಯಿದೆ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ.

ಸ್ಪೀಕರ್ ಜೋಡಿಸುವ ಮುನ್ನ ಆಂಪ್ಲಿಫೈಯರಿನಲ್ಲಿ ಸ್ಪೀಕರ್ ಸೇರುವ ಎರಡು ತುದಿಗಳ ನಡುವಿನ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಒಳ್ಳೆಯದು. ವೋಲ್ಟುಗಟ್ಟಲೆ ಇದ್ದರೆ ಸ್ಪೀಕರ್ ಸುಡುತ್ತದೆ, ದೋಷ ಸರಿಪಡಿಸದೆ ಮುಂದುವರಿಯಬೇಡಿ. ಸ್ವಿಚ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಇಳಿಸಿಯೇ ಕೈ ಹಾಕಿ.

ಕೋಣೆ ಮತ್ತು ನೆರೆಹೊರೆ

12 ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಬೇಸ್ ಗುಂಯ್‌ಗುಟ್ಟುತ್ತದೆ. ಮೂಲೆಯಲ್ಲಿಟ್ಟ ಸ್ಪೀಕರ್ ಅದನ್ನು ಇನ್ನಷ್ಟು ಕೆರಳಿಸುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತನ್ನಿ. ಟ್ವೀಟರ್ ಕಿವಿಯ ಮಟ್ಟದಲ್ಲಿರಲಿ. ಟೈಲ್ಸ್ ನೆಲ, ಬರಿ ಗೋಡೆಯ ಮನೆಯಲ್ಲಿ ಒಂದು ಜಮಖಾನ, ದಪ್ಪ ಪರದೆ ಹಾಕಿದರೆ ಮಾತು, ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತವೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಿಮ್ಮ ಕಿವಿಗೂ ಮಿತಿಯಿದೆ: 85 ಡೆಸಿಬೆಲ್ ದಾಟಿದ ಸದ್ದನ್ನು ಗಂಟೆಗಟ್ಟಲೆ ಕೇಳುವುದು ಶ್ರವಣಶಕ್ತಿಗೆ ಹಾನಿಕರ.

ಎಲ್ಲಿಂದ ಶುರು?

ಥೀಲ್-ಸ್ಮಾಲ್ ಅಂಕಿಯಿರುವ, 88 ಡೆಸಿಬೆಲ್ ಅಥವಾ ಹೆಚ್ಚು ಸೆನ್ಸಿಟಿವಿಟಿಯ ಒಂದು ಜೊತೆ 8 ಓಮ್ ಫುಲ್‌ರೇಂಜ್ ಸ್ಪೀಕರ್ ಕೊಳ್ಳಿ. ಕ್ರಾಸ್‌ಓವರಿನ ಗೊಡವೆ ಇರುವುದಿಲ್ಲ. ಲೆಕ್ಕ ಹಾಕಿ ಮುಚ್ಚಿದ ಪೆಟ್ಟಿಗೆ ಕಟ್ಟಿ. ಅಡಾಪ್ಟರಿನಲ್ಲಿ ನಡೆಯುವ ಕ್ಲಾಸ್ ಡಿ ಬೋರ್ಡ್ ಜೋಡಿಸಿ. 230 ವೋಲ್ಟಿಗೆ ಕೈ ಹಾಕದೆಯೇ ಕಲಿಕೆ ಶುರುವಾಗುತ್ತದೆ. ನೀವು ನೂರಾರು ಸಲ ಕೇಳಿರುವ ಒಂದು ಹಾಡನ್ನೇ ಪರೀಕ್ಷೆಗೆ ಇಟ್ಟುಕೊಂಡು, ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಕೇಳಿ. ಯಾವ ಬದಲಾವಣೆ ಏನು ಮಾಡಿತೆಂದು ಕಿವಿಗೆ ಗೊತ್ತಾದ ಮೇಲೆ ಎಲ್‌ಎಂ 1875, ಟ್ರಾನ್ಸ್‌ಫಾರ್ಮರ್, ಎರಡು ದಾರಿಯ ಕ್ರಾಸ್‌ಓವರ್ ಕಡೆಗೆ ಹೋಗಿ. ಹೀಗೆ ಕಟ್ಟಿದ 20 ವ್ಯಾಟಿನ ಜೋಡಣೆ ಎಷ್ಟು ಕೊಡುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದೆಲ್ಲ ನಿಮಗೆ ಗೊತ್ತಿರುತ್ತದೆ. ಕೆಟ್ಟರೆ ರಿಪೇರಿ ಮಾಡಿಕೊಳ್ಳುವುದೂ ನಿಮ್ಮ ಕೈಯಲ್ಲೇ ಇರುತ್ತದೆ.